ಟಿವಿ ಹಣದ ಭರಾಟೆಯಲ್ಲಿ ದಿಕ್ಕು ತಪ್ಪಿದ ಸಣ್ಣ ತಂಡಗಳು

ನೂರು ವರ್ಷಗಳಿಗೂ ಮಿಗಿಲಾದ ಪರಂಪರೆಯ ಕ್ರೀಡಾ ಒಕ್ಕೂಟವೊಂದು ಕುಸಿಯಲು ಹದಿನೈದು ತಿಂಗಳು ಸಾಕಾಯಿತು. 1915ರಲ್ಲಿ ಆರಂಭವಾದ ಪೆಸಿಫಿಕ್ ಕರಾವಳಿಯ ಕಾಲೇಜು ಒಕ್ಕೂಟದ ವಾರಸುದಾರನಾದ 'ಪ್ಯಾಕ್-12'ರ ಹನ್ನೆರಡು ಸದಸ್ಯರ ಪೈಕಿ ಹತ್ತು ವಿಶ್ವವಿದ್ಯಾಲಯಗಳು 2022ರ ಜೂನ್ ಮತ್ತು 2023ರ ಸೆಪ್ಟೆಂಬರ್ ನಡುವೆ ಒಂದೊಂದಾಗಿ ಬೇರೆ ದಾರಿ ಹಿಡಿದವು. ಕೊನೆಗೆ ಉಳಿದದ್ದು ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಮಾತ್ರ. ಇವೆರಡೂ ಮೈದಾನದಲ್ಲಿ ಸೋತು ಹಿಂದುಳಿದವಲ್ಲ. ಕಾರ್ವಾಲಿಸ್ ಮತ್ತು ಪುಲ್‌ಮನ್‌ನಂತಹ ಸಣ್ಣ ಊರುಗಳಲ್ಲಿ ನೆಲೆಸಿದ್ದು, ದೂರದರ್ಶನ ಕಂಪನಿಗಳ ಲೆಕ್ಕದಲ್ಲಿ ಕಡಿಮೆ ವೀಕ್ಷಕರನ್ನು ತರುವುದೇ ಅವುಗಳ ಕೊರತೆಯಾಯಿತು.

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ನಡೆಯುತ್ತಿರುವ ಈ ಪಕ್ಷಾಂತರವನ್ನು ದೊಡ್ಡ ತಂಡಗಳ ಪೈಪೋಟಿಯೆಂದಷ್ಟೇ ನೋಡಿದರೆ ಸಾಲದು. ಅದರ ನಿಜವಾದ ಹೊರೆ ಬಿದ್ದಿರುವುದು ಸಣ್ಣ ವಿಶ್ವವಿದ್ಯಾಲಯಗಳ ಮೇಲೆ ಮತ್ತು ಹಣ ತಾರದ ಆಟಗಳ ಮೇಲೆ.

ಏನಿದು ಕಾನ್ಫರೆನ್ಸ್?

ಅಮೆರಿಕದಲ್ಲಿ ಕಾಲೇಜು ಕ್ರೀಡೆಯ ಮೇಲ್ವಿಚಾರಣೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯದು. ಅದರಡಿಯಲ್ಲಿ ನೆರೆಹೊರೆಯ ವಿಶ್ವವಿದ್ಯಾಲಯಗಳು ಕೂಡಿ ಕಟ್ಟಿಕೊಂಡ ಒಕ್ಕೂಟಗಳೇ 'ಕಾನ್ಫರೆನ್ಸ್'ಗಳು. ಪಂದ್ಯಗಳನ್ನು ಏರ್ಪಡಿಸುವುದು, ಪ್ರಸಾರದ ಹಕ್ಕನ್ನು ಮಾರುವುದು, ಬಂದ ಹಣವನ್ನು ಹಂಚುವುದು ಅವುಗಳ ಕೆಲಸ. ಬಸ್ಸಿನಲ್ಲಿ ಹೋಗಿ ಆಡಿ ಬರುವಷ್ಟು ಹತ್ತಿರದವರೇ ಸದಸ್ಯರಾಗಿರುವುದು ಹಳೆಯ ಪದ್ಧತಿ.

ಈ ಪದ್ಧತಿಗೆ ಮೊದಲ ಪೆಟ್ಟು ಬಿದ್ದದ್ದು 1984ರಲ್ಲಿ. ಫುಟ್‌ಬಾಲ್ ಪ್ರಸಾರದ ಮೇಲೆ ಎನ್‌ಸಿಎಎ ಹೊಂದಿದ್ದ ಏಕಸ್ವಾಮ್ಯವನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಅಂದಿನಿಂದ ಹೆಚ್ಚು ವೀಕ್ಷಕರಿರುವ ತಂಡಕ್ಕೆ ಹೆಚ್ಚು ಬೆಲೆ ಎಂಬ ನಿಯಮವೇ ಒಕ್ಕೂಟಗಳ ಭೂಪಟವನ್ನು ನಿರ್ಧರಿಸತೊಡಗಿತು.

ಹಣದ ಪ್ರಮಾಣ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. 'ಬಿಗ್ ಟೆನ್' ಒಕ್ಕೂಟ 2022ರ ಆಗಸ್ಟ್‌ನಲ್ಲಿ ಫಾಕ್ಸ್, ಸಿಬಿಎಸ್ ಮತ್ತು ಎನ್‌ಬಿಸಿ ವಾಹಿನಿಗಳೊಂದಿಗೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೌಲ್ಯ 700 ಕೋಟಿ ಡಾಲರ್‌ಗೂ ಅಧಿಕ. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 55 ಸಾವಿರ ಕೋಟಿ ರೂಪಾಯಿ. ಅದೇ ವರ್ಷ ಐಪಿಎಲ್‌ನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿತ್ತು. ವಾರ್ಷಿಕ ಲೆಕ್ಕದಲ್ಲಿ ಐಪಿಎಲ್ ಮುಂದಿದೆಯಾದರೂ, ಬಿಗ್ ಟೆನ್ ಎಂಬುದು ವಿದ್ಯಾರ್ಥಿಗಳು ಆಡುವ ಹಲವು ಒಕ್ಕೂಟಗಳಲ್ಲಿ ಒಂದು ಮಾತ್ರ ಎಂಬುದು ಗಮನಾರ್ಹ.

ಹೆಸರಿಗಷ್ಟೇ ಕರಾವಳಿ

ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಮೊದಲು ಬಿಗ್ ಟೆನ್‌ನತ್ತ ಹೊರಟವು. 2023ರಲ್ಲಿ ಆರೆಗನ್ ಮತ್ತು ವಾಷಿಂಗ್ಟನ್ ಅವುಗಳನ್ನು ಹಿಂಬಾಲಿಸಿದವು. ಕೊಲರಾಡೊ, ಅರಿಜೋನಾ, ಅರಿಜೋನಾ ಸ್ಟೇಟ್ ಮತ್ತು ಯೂಟಾ 'ಬಿಗ್ 12' ಸೇರಿದವು. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ (ಬರ್ಕ್ಲಿ) ವಿಶ್ವವಿದ್ಯಾಲಯಗಳು ಆಶ್ರಯ ಪಡೆದದ್ದು 'ಅಟ್ಲಾಂಟಿಕ್ ಕರಾವಳಿ'ಯ ಒಕ್ಕೂಟದಲ್ಲಿ. ಪೆಸಿಫಿಕ್ ತೀರದ ಇವೆರಡೂ ಅಲ್ಲಿಗೆ ಹೋದದ್ದು ಆರಂಭಿಕ ವರ್ಷಗಳಲ್ಲಿ ಪ್ರಸಾರದ ಹಣದ ಸಣ್ಣ ಪಾಲಿಗೆ ಒಪ್ಪಿಕೊಂಡು. ಅವುಗಳೊಂದಿಗೆ ಅದೇ ಒಕ್ಕೂಟಕ್ಕೆ ಸೇರಿದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವಂತೂ ಒಂಬತ್ತು ವರ್ಷ ಆ ಹಣವೇ ಬೇಡವೆಂದಿತು. ದೊಡ್ಡವರ ಮನೆಯಿಂದ ಹೊರಗುಳಿಯುವ ಭಯ ಎಷ್ಟರಮಟ್ಟಿನದು ಎಂಬುದು ಇದರಿಂದ ವೇದ್ಯ.

ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಸುಮಾರು 4 ಸಾವಿರ ಕಿಲೋಮೀಟರ್ ದೂರ, ಮೂರು ಗಂಟೆಗಳ ಸಮಯದ ಅಂತರ. ವಾರಕ್ಕೊಂದು ಪಂದ್ಯವಾಡುವ ಫುಟ್‌ಬಾಲ್ ತಂಡ ಇದನ್ನು ಹೇಗೋ ನಿಭಾಯಿಸೀತು. ವಾರದಲ್ಲಿ ಎರಡು ಮೂರು ಪಂದ್ಯಗಳಿರುವ ವಾಲಿಬಾಲ್ ಅಥವಾ ಸಾಫ್ಟ್‌ಬಾಲ್ ತಂಡದ ವಿದ್ಯಾರ್ಥಿನಿ ತರಗತಿಗೆ ಹೋಗುವುದು ಯಾವಾಗ? ಒಪ್ಪಂದಕ್ಕೆ ಸಹಿ ಹಾಕುವಾಗ ಈ ಪ್ರಶ್ನೆ ಹಿಂದಿನ ಬೆಂಚಿನಲ್ಲಿಯೇ ಉಳಿಯಿತು.

ಸರಪಳಿಯ ಕೊನೆಯ ಕೊಂಡಿ

ಒಂಟಿಯಾದ ಎರಡು ವಿಶ್ವವಿದ್ಯಾಲಯಗಳು ನ್ಯಾಯಾಲಯದ ಮೆಟ್ಟಿಲೇರಿ, 2023ರ ಕೊನೆಯಲ್ಲಿ ಪ್ಯಾಕ್-12ರ ಆಡಳಿತ ಮಂಡಳಿಯ ಹಿಡಿತವನ್ನು ಗೆದ್ದುಕೊಂಡವು. ಆ ಬಳಿಕ ಅವು ಮಾಡಿದ್ದೇನು? ತಮಗಿಂತ ಕೆಳಗಿನ 'ಮೌಂಟನ್ ವೆಸ್ಟ್' ಒಕ್ಕೂಟದಿಂದ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಕೊಲರಾಡೊ ಸ್ಟೇಟ್ ಮತ್ತು ಯೂಟಾ ಸ್ಟೇಟ್ ಎಂಬ ಐದು ತಂಡಗಳನ್ನು 2024ರಲ್ಲಿ ಸೆಳೆದುಕೊಂಡವು. 2026ರಿಂದ ಜಾರಿಗೆ ಬರುವಂತೆ ಈ ನಿರ್ಧಾರವಾಯಿತು. ಹೀಗೆ ಸದಸ್ಯರನ್ನು ಸೆಳೆದದ್ದಕ್ಕಾಗಿ 5.5 ಕೋಟಿ ಡಾಲರ್ ದಂಡ ಕೊಡಬೇಕೆಂಬ ಕರಾರಿನ ವಿರುದ್ಧ ಪ್ಯಾಕ್-12 ಮೊಕದ್ದಮೆಯನ್ನೂ ಹೂಡಿತು.

2025ರಲ್ಲಿ ಟೆಕ್ಸಾಸ್ ಸ್ಟೇಟ್ 'ಸನ್ ಬೆಲ್ಟ್' ಬಿಟ್ಟು ಪ್ಯಾಕ್-12 ಸೇರಲು ಒಪ್ಪಿತು. ಆ ಸ್ಥಾನ ತುಂಬಲು ಸನ್ ಬೆಲ್ಟ್, 'ಕಾನ್ಫರೆನ್ಸ್ ಯುಎಸ್‌ಎ'ಯಿಂದ ಲೂಸಿಯಾನಾ ಟೆಕ್ ಅನ್ನು ಕರೆತಂದಿತು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗಿದರೆ, ಚಿಕ್ಕದು ಮತ್ತಷ್ಟು ಚಿಕ್ಕದನ್ನು ಹುಡುಕಿ ಹೊರಟಿತು. ನಿನ್ನೆ ಅನ್ಯಾಯವಾಯಿತೆಂದು ದೂರಿದವರೇ ಇಂದು ಅದೇ ಮಾರ್ಗ ಹಿಡಿದರೆಂಬ ಆಕ್ಷೇಪ ಸಹಜವೇ. ಆದರೆ ಬೇರೆ ಮಾರ್ಗ ಅವರ ಪಾಲಿಗೆ ಉಳಿದಿರಲಿಲ್ಲ ಎಂಬುದೂ ಅಷ್ಟೇ ನಿಜ.

ತಂಡ ಉಳಿದರೂ ಆಟಗಾರರು ಉಳಿಯುವುದಿಲ್ಲ. ವಾಷಿಂಗ್ಟನ್ ಸ್ಟೇಟ್‌ನಲ್ಲಿ ಬೆಳೆದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ 2024ರಲ್ಲಿ ಮಯಾಮಿಗೆ ಹೋದರು. 2025ರಲ್ಲಿ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಅವರದೇ ಮೊದಲ ಹೆಸರು. ಅದೇ ವಿಶ್ವವಿದ್ಯಾಲಯ 2025ರ ಜೂನ್‌ನಲ್ಲಿ ಅಥ್ಲೆಟಿಕ್ಸ್‌ನ ಎಸೆತ ಮತ್ತು ಜಿಗಿತದ ಸ್ಪರ್ಧೆಗಳನ್ನು ಕೈಬಿಟ್ಟು, ದೂರದ ಓಟಕ್ಕೆ ಸೀಮಿತಗೊಳ್ಳುವ ನಿರ್ಧಾರ ಪ್ರಕಟಿಸಿತು.

ಇಂತಹ ಕಡಿತ ಅಮೆರಿಕದ ಗಡಿಯಾಚೆಗೂ ತಟ್ಟುತ್ತದೆ. ಕೀನ್ಯಾದ ಹೆನ್ರಿ ರೊನೊ 1978ರಲ್ಲಿ ನಾಲ್ಕು ವಿಶ್ವದಾಖಲೆಗಳನ್ನು ಮುರಿದಾಗ ವಾಷಿಂಗ್ಟನ್ ಸ್ಟೇಟ್‌ನ ವಿದ್ಯಾರ್ಥಿಯಾಗಿದ್ದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಭಾರತದ ಹೈಜಂಪ್ ಪಟು ತೇಜಸ್ವಿನ್ ಶಂಕರ್ ಪಳಗಿದ್ದು ಕಾನ್ಸಾಸ್ ಸ್ಟೇಟ್‌ನಲ್ಲಿ. ಫುಟ್‌ಬಾಲ್‌ನ ಹಣದಿಂದ ಬದುಕುವ ಇಂತಹ ವಿಭಾಗಗಳಿಗೇ ಮೊದಲು ಕತ್ತರಿ ಬೀಳುತ್ತಿದೆ.

ಆಡದವರಿಗೂ ದಂಡ

ಇದೇ ವೇಳೆಗೆ ಇನ್ನೊಂದು ಬದಲಾವಣೆ ಬಂದಿದೆ. ಆಟಗಾರರು ಹೂಡಿದ್ದ 'ಹೌಸ್' ಮೊಕದ್ದಮೆಯ ರಾಜಿ ಒಪ್ಪಂದಕ್ಕೆ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅಂಗೀಕಾರ ನೀಡಿದರು. ಅದರಂತೆ 2025-26ರ ಸಾಲಿನಲ್ಲಿ ವಿಶ್ವವಿದ್ಯಾಲಯವೊಂದು ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಹಿಂದಿನ ವರ್ಷಗಳ ಬಾಕಿಯಾಗಿ ಸುಮಾರು 280 ಕೋಟಿ ಡಾಲರ್ ಪಾವತಿಯಾಗಬೇಕು. ದಶಕಗಳ ಕಾಲ ಬೆವರು ಸುರಿಸಿದವರಿಗೆ ಪಾಲು ಸಿಕ್ಕಿದ್ದು ನ್ಯಾಯವೇ. ಆದರೆ ಬಾಕಿಯ ಒಂದು ಭಾಗವನ್ನು ಎಲ್ಲ ಮೊದಲ ದರ್ಜೆಯ ವಿಶ್ವವಿದ್ಯಾಲಯಗಳಿಗೆ ಎನ್‌ಸಿಎಎ ಕೊಡುವ ಅನುದಾನದಿಂದ ಮುರಿದುಕೊಳ್ಳಲಾಗುತ್ತದೆ. ಕೋಟಿಗಳ ಆಟದಲ್ಲಿ ಪಾಲೇ ಇಲ್ಲದವರೂ ದಂಡ ತೆರಬೇಕಾಗಿದೆ.

ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯ ಈ ಓಟದಿಂದ ಹಿಂದೆ ಸರಿಯಿತು. ಅದರ ಬಾಸ್ಕೆಟ್‌ಬಾಲ್ ತಂಡ 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ ಕೆಲವೇ ದಿನಗಳಲ್ಲಿ, ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಮೂರನೇ ದರ್ಜೆಗೆ ಇಳಿಯುವ ತೀರ್ಮಾನ ಹೊರಬಿತ್ತು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯ 2021ರಲ್ಲಿಯೇ ಇಂತಹ ಹೆಜ್ಜೆ ಇಟ್ಟಿತ್ತು.

ಸಣ್ಣವರ ಮತ್ತೊಂದು ಆದಾಯ, ದೊಡ್ಡ ತಂಡದ ಅಂಗಳಕ್ಕೆ ಹೋಗಿ ಆಡಿ ಪಡೆಯುವ ಸಂಭಾವನೆ. 2024ರ ಸೆಪ್ಟೆಂಬರ್‌ನಲ್ಲಿ 14 ಲಕ್ಷ ಡಾಲರ್ ಪಡೆದು ನೋಟರ್ ಡೇಮ್‌ಗೆ ಹೋದ ನಾರ್ದರ್ನ್ ಇಲಿನಾಯ್ 16-14ರಿಂದ ಗೆದ್ದೇ ಬಂದಿತು. ದೊಡ್ಡ ಒಕ್ಕೂಟಗಳು ತಮ್ಮೊಳಗಿನ ಪಂದ್ಯಗಳನ್ನು ಹೆಚ್ಚಿಸಿದಷ್ಟೂ ಈ ಅವಕಾಶ ಕುಗ್ಗುತ್ತದೆ. ಆಗ್ನೇಯ ಒಕ್ಕೂಟವಾದ ಎಸ್‌ಇಸಿ 2026ರಿಂದ ಎಂಟರ ಬದಲು ಒಂಬತ್ತು ಆಂತರಿಕ ಪಂದ್ಯಗಳನ್ನು ನಿಗದಿಪಡಿಸಿದೆ.

ಪರಿಹಾರವುಂಟೆ?

ದಾರಿ ಪೂರ್ಣ ಮುಚ್ಚಿಲ್ಲ. ನಾರ್ದರ್ನ್ ಇಲಿನಾಯ್ 2026ರಿಂದ ಫುಟ್‌ಬಾಲನ್ನಷ್ಟೇ ದೂರದ ಮೌಂಟನ್ ವೆಸ್ಟ್‌ಗೆ ಒಯ್ದು, ಉಳಿದ ಬಹುತೇಕ ಆಟಗಳನ್ನು ಹತ್ತಿರದ 'ಹೊರೈಜನ್ ಲೀಗ್'ನಲ್ಲಿ ಇರಿಸಲು ನಿರ್ಧರಿಸಿತು. ಟಿವಿಗೆ ಬೇಕಾದ ಆಟ ದೂರ ಹೋಗಲಿ, ಉಳಿದವು ಮನೆಯ ಹತ್ತಿರ ಇರಲಿ ಎಂಬ ಈ ವಿಂಗಡಣೆ ವಿವೇಕದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯು ಲಾಭ ಪಡೆದ ಯುಸಿಎಲ್‌ಎ, ನಷ್ಟಕ್ಕೊಳಗಾದ ಬರ್ಕ್ಲಿಗೆ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕೆಂದು 2024ರಲ್ಲಿ ತೀರ್ಮಾನಿಸಿದ್ದೂ ಉಲ್ಲೇಖಾರ್ಹ. ಆದರೆ ಎರಡೂ ಒಂದೇ ಸರ್ಕಾರಿ ವ್ಯವಸ್ಥೆಯ ಅಂಗಗಳಾದ್ದರಿಂದ ಅದು ಸಾಧ್ಯವಾಯಿತು. ವಾಷಿಂಗ್ಟನ್ ಸ್ಟೇಟ್‌ಗಾಗಲಿ, ಆರೆಗನ್ ಸ್ಟೇಟ್‌ಗಾಗಲಿ ಹಾಗೆ ಕೈಹಿಡಿಯುವ ಹಿರಿಯಣ್ಣ ಸಿಗಲಿಲ್ಲ.

ಮಾರುಕಟ್ಟೆಯ ಲೆಕ್ಕದಲ್ಲಿ ದೊಡ್ಡ ವಿಶ್ವವಿದ್ಯಾಲಯಗಳ ನಡೆ ತಪ್ಪೆನ್ನಲಾಗದು. ಆದರೆ ಇವು ವ್ಯಾಪಾರಿ ಕ್ಲಬ್ಬುಗಳಲ್ಲ. ಬಹುಪಾಲು ಸಾರ್ವಜನಿಕ ಹಣದಿಂದ ಬೆಳೆದ ವಿದ್ಯಾಸಂಸ್ಥೆಗಳು. ಪ್ರಸಾರದ ಮುಂದಿನ ಒಪ್ಪಂದಗಳ ಮಾತುಕತೆಗೆ ಕೂರುವ ಮುನ್ನ ಫುಟ್‌ಬಾಲನ್ನು ಉಳಿದ ಆಟಗಳಿಂದ ಬೇರ್ಪಡಿಸುವ ಬಗ್ಗೆ ಅವು ತೀರ್ಮಾನಕ್ಕೆ ಬರಬೇಕಿದೆ. ಇಲ್ಲವಾದರೆ ಮುಂದಿನ ಸುತ್ತಿನ ಪಕ್ಷಾಂತರದ ಖರ್ಚನ್ನೂ ಈಜುಗಾರರು, ಕುಸ್ತಿಪಟುಗಳು ಮತ್ತು ಸಣ್ಣ ಊರಿನ ಕಾಲೇಜುಗಳೇ ಭರಿಸಬೇಕಾಗುತ್ತದೆ.