ಕ್ಷಮಿಸಿದವನು ನ್ಯಾಯ ಕೇಳಬಾರದೇ?



ನಮ್ಮಲ್ಲಿ ಬೇಸ್‌ಬಾಲ್ ನೋಡುವವರು ಕಡಿಮೆ. ಆದರೂ ಅಮೆರಿಕದ ಒಂದು ಪಂದ್ಯದ ದಾಖಲೆಯ ಬಗ್ಗೆ ಇಂದು ನಿಮ್ಮೊಡನೆ ಮಾತಾಡಬೇಕು ಎನಿಸಿದೆ.

2010ರ ಜೂನ್ 2ರಂದು ಡೆಟ್ರಾಯ್ಟ್ ಟೈಗರ್ಸ್ ತಂಡ ಕ್ಲೀವ್‌ಲ್ಯಾಂಡ್ ತಂಡವನ್ನು 3–0 ಅಂತರದಿಂದ ಸೋಲಿಸಿತು. ಎದುರಾಳಿಗೆ ಒಂದೂ ರನ್ ಬಿಟ್ಟುಕೊಡದೆ ಪಂದ್ಯ ಮುಗಿಸಿದರೆ ಅದಕ್ಕೆ ಶಟೌಟ್ ಎನ್ನುತ್ತಾರೆ. ಅಂದು ಚೆಂಡೆಸೆದವರು ವೆನೆಜುವೆಲಾದ ಆರ್ಮಾಂಡೋ ಗಲರಾಗಾ. ದಾಖಲೆ ಪುಸ್ತಕದಲ್ಲಿ ಅದು ಒಂದೇ ಹಿಟ್ ಕೊಟ್ಟ ಶಟೌಟ್ ಎಂದಿದೆ. ಆ ಒಂದು ಹಿಟ್ಟೇ ಸುಳ್ಳು!

ಒಂಬತ್ತು ಇನ್ನಿಂಗ್ಸ್‌ನಲ್ಲಿ ಬಂದ 27 ಬ್ಯಾಟರ್‌ಗಳಲ್ಲಿ ಒಬ್ಬನೂ ಬೇಸ್ ತಲುಪದಿದ್ದರೆ ಅದು ‘ಪರ್ಫೆಕ್ಟ್ ಗೇಮ್’. 1880ರಿಂದ ಆ ದಿನದವರೆಗೆ ಅಂಥ ಪಂದ್ಯಗಳು ನಡೆದದ್ದು ಬರೀ 20. ಗಲರಾಗಾ 26 ಮಂದಿಯನ್ನು ಔಟ್ ಮಾಡಿದ್ದರು. 27ನೆಯವರು ಜೇಸನ್ ಡೊನಾಲ್ಡ್. ಅವರು ಹೊಡೆದ ಚೆಂಡನ್ನು ಮಿಗೆಲ್ ಕಬ್ರೇರಾ ಹಿಡಿದು, ಮೊದಲ ಬೇಸ್‌ಗೆ ಓಡಿಬಂದ ಗಲರಾಗಾಗೆ ಎಸೆದರು. ಡೊನಾಲ್ಡ್ ಬೇಸ್ ಮುಟ್ಟುವ ಮೊದಲೇ ಚೆಂಡು ಕೈಸೇರಿತ್ತು. ಆದರೆ ಅಂಪೈರ್ ಜಿಮ್ ಜಾಯ್ಸ್ ‘ಸೇಫ್’ ಎಂದು ಕೈಚಾಚಿದರು.

ಗಲರಾಗಾ ಜಗಳಕ್ಕೆ ಹೋಗಲಿಲ್ಲ. ಒಂದು ನಗು ನಕ್ಕು, ಹಿಂದಿರುಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ ಪಂದ್ಯ ಮುಗಿಸಿದರು. ಆಮೇಲೆ ವಿಡಿಯೋ ನೋಡಿದ ಜಾಯ್ಸ್ ನೆಪ ಹೇಳದೆ ತಪ್ಪೊಪ್ಪಿಕೊಂಡು, ಕಣ್ಣೀರಿಡುತ್ತಾ ಆ ಆಟಗಾರನ ಬಳಿ ಕ್ಷಮೆ ಕೇಳಿದರು. ಮರುದಿನದ ಪಂದ್ಯಕ್ಕೆ ಮುನ್ನ ತಂಡದ ಪಟ್ಟಿಯನ್ನು ಜಾಯ್ಸ್ ಕೈಗೆ ಕೊಡಲು ಬಂದವರು ಸ್ವತಃ ಗಲರಾಗಾ.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಅಂದಿನ ಕಮಿಷನರ್ ಬಡ್ ಸೆಲಿಗ್ ತೀರ್ಪನ್ನು ತಿದ್ದಲಿಲ್ಲ. ಹತ್ತು ವರ್ಷಗಳ ನಂತರ, 2020ರಲ್ಲಿ, ಆ ಪಂದ್ಯವನ್ನು ಪರ್ಫೆಕ್ಟ್ ಎಂದು ಒಪ್ಪಬೇಕೆಂಬ ಆಸೆಯನ್ನು ಗಲರಾಗಾ ಬಾಯಿಬಿಟ್ಟು ಹೇಳಿದರು. ‘ಕ್ಷಮಿಸಿದ ಮೇಲೆ ಇದೆಲ್ಲ ಯಾಕೆ?’ ಎಂದು ಕೆಲವರಿಗೆ ಅನಿಸಬಹುದು.

ನನಗೆ ಹಾಗನಿಸುವುದಿಲ್ಲ. ಕ್ಷಮೆ ಎಂದರೆ ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳದಿರುವುದು. ನಡೆದ ತಪ್ಪನ್ನು ಸರಿ ಎಂದು ಒಪ್ಪಿಕೊಳ್ಳುವುದಲ್ಲ. ನಮ್ಮ ಮನೆಗಳಲ್ಲೂ ‘ಹೋಗಲಿ ಬಿಡು, ದೊಡ್ಡ ಮನಸ್ಸು ಮಾಡು’ ಎಂದು ನೊಂದವರಿಗೇ ಬುದ್ಧಿ ಹೇಳುತ್ತೇವೆ, ತಪ್ಪನ್ನು ಮಾತ್ರ ಹಾಗೆಯೇ ಬಿಟ್ಟುಬಿಡುತ್ತೇವೆ.

ಒಂದನ್ನು ತಿದ್ದಿದರೆ ಹಳೆಯ ತೀರ್ಪುಗಳನ್ನೆಲ್ಲ ಕೆದಕಬೇಕಾಗುತ್ತದೆ ಎಂಬ ವಾದವಿದೆ. ಅದರಲ್ಲೂ ಅರ್ಥವಿದೆ. ಆದರೆ ಇಲ್ಲಿ ತೀರ್ಪು ಕೊಟ್ಟವರೇ ತಪ್ಪೆಂದಿದ್ದಾರೆ. ಅದು ಕೊನೆಯ ಔಟ್ ಆಗಬೇಕಿದ್ದುದರಿಂದ ತಿದ್ದಿದರೂ ಪಂದ್ಯದ ಫಲಿತಾಂಶ ಬದಲಾಗದು, 3–0 ಹಾಗೆಯೇ ಉಳಿಯುತ್ತದೆ. ಇಂಥ ಪ್ರಕರಣ ಇನ್ನೆಷ್ಟು ಸಿಕ್ಕೀತು?

2014ರಿಂದ ಇಂಥ ತೀರ್ಪುಗಳನ್ನು ವಿಡಿಯೋ ನೋಡಿ ತಿದ್ದುವ ವ್ಯವಸ್ಥೆ ಬಂದಿದೆ. ಮುಂದಿನವರಿಗೆ ನ್ಯಾಯ ಸಿಕ್ಕಿತು, ಒಳ್ಳೆಯದೇ. ಆದರೆ ಪೆಟ್ಟು ತಿಂದವನ ಲೆಕ್ಕ ಇನ್ನೂ ಬಾಕಿ ಇದೆ.

ನಿಮ್ಮಲ್ಲಿ ಯಾರಾದರೂ ಒಬ್ಬರನ್ನು ಕ್ಷಮಿಸಿಯೂ ‘ಅದು ತಪ್ಪು, ಸರಿಪಡಿಸಿ’ ಎಂದು ಕೇಳುತ್ತಿದ್ದರೆ, ನಿಮ್ಮ ಕ್ಷಮೆ ಸುಳ್ಳೆಂದು ಯಾರೂ ಹೇಳದಿರಲಿ. ತಪ್ಪು ಮಾಡಿದವರು ನಾವಾಗಿದ್ದರೆ, ಕಣ್ಣೀರಿನ ಜೊತೆಗೆ ತಿದ್ದುವ ಪೆನ್ನನ್ನೂ ಕೈಗೆತ್ತಿಕೊಳ್ಳೋಣ.