ನೋಡುವವರು ಬಹಳ, ತೋರಿಸುವವರು ವಿರಳ

ರಜಾದಿನಗಳಲ್ಲಿ ಬೆಳ್ತಂಗಡಿಯ ಕಡೆಗೆ ಹರಿದುಬರುವ ವಾಹನಗಳ ದಿನಚರಿ ಬಹುತೇಕ ಒಂದೇ ಬಗೆಯದು. ಧರ್ಮಸ್ಥಳದಲ್ಲಿ ದೇವರ ದರ್ಶನ ಮತ್ತು ಊಟ, ವೇಣೂರಿನ ಬಾಹುಬಲಿಯ ಮುಂದೆ ಒಂದು ಭಾವಚಿತ್ರ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಅರ್ಧ ಗಂಟೆ. ಕಾಲಿನಲ್ಲಿ ಕಸುವುಳ್ಳವರಿಗೆ ಗಡಾಯಿಕಲ್ಲು. ಕತ್ತಲಾಗುವ ಮೊದಲು ವಾಹನಗಳು ಘಟ್ಟ ಹತ್ತುತ್ತವೆ. ಊರಿನಲ್ಲಿ ಉಳಿಯುವುದು ಖಾಲಿ ಬಾಟಲಿಗಳು. ತಾವು ಕಂಡದ್ದೇನೆಂದು ಬಂದವರಿಗೆ ತಿಳಿಯಲಿಲ್ಲ; ಬಂದವರು ಯಾರೆಂದು ಊರಿಗೂ ತಿಳಿಯಲಿಲ್ಲ.

ಈ ಪ್ರವಾಸವನ್ನೇ ನಿಲ್ಲಿಸಬೇಕೆಂಬ ಮಾತು ಪರಿಸರಾಸಕ್ತರ ನಡುವೆ ಆಗಾಗ ಕೇಳಿಬರುತ್ತದೆ. ಆ ಸಿಟ್ಟಿಗೆ ಕಾರಣವಿದೆ. ಆದರೆ ಜನ ಬರುವುದನ್ನು ತಡೆಯಲಾಗದು. ಅವರು ಹೇಗೆ ಬರಬೇಕು, ಯಾರ ಜೊತೆಯಲ್ಲಿ ನಡೆಯಬೇಕು ಎಂಬುದನ್ನು ಊರು ನಿರ್ಧರಿಸಬಹುದು. ಸ್ಥಳೀಯ ಮಾರ್ಗದರ್ಶಕನಿಲ್ಲದ ಪ್ರವಾಸವು ನೆಲಕ್ಕೆ ಭಾರವಾದರೆ, ಆತನಿರುವ ಪ್ರವಾಸವು ಅದೇ ನೆಲಕ್ಕೆ ಕಾವಲಾಗಬಲ್ಲುದು.

ಗಡಾಯಿಕಲ್ಲನ್ನೇ ನೋಡಬಹುದು. ಹಳೆಯ ನರಸಿಂಹಗಡದ ನೆಲೆಯಲ್ಲಿ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಅದನ್ನು ಜಮಾಲಾಬಾದ್ ಎಂದು ಕರೆದನು. 1799ರಲ್ಲಿ ಅದು ಬ್ರಿಟಿಷರ ವಶವಾಯಿತು. ಇಷ್ಟನ್ನು ಫಲಕವೂ ಹೇಳಬಲ್ಲುದು. ಆದರೆ ಸಾವಿರದೆಂಟುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನೇರಿದ ಮೇಲೆ ಕಾಣುವ ಕೊಳವನ್ನು ತೋರಿಸಿ, ಬಂಡೆಯ ನೆತ್ತಿಯಲ್ಲಿ ಮಳೆನೀರನ್ನು ಹಿಡಿದಿಟ್ಟ ಜಾಣ್ಮೆಯನ್ನು ವಿವರಿಸಲು ಮನುಷ್ಯನೇ ಬೇಕು. ಬಿರುಕುಗಳಲ್ಲಿ ಮಳೆಗಾಲಕ್ಕಷ್ಟೇ ಹುಟ್ಟಿ ಬಾಳುವ ಪುಟ್ಟ ಸಸ್ಯಗಳನ್ನು ತುಳಿಯದಂತೆ ತಡೆಯಲು, ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಭಾಗವೆಂದು ನೆನಪಿಸಲು ಕೂಡ.

ಮೂಡುಬಿದಿರೆಯ ಕಥೆ ಇನ್ನೂ ಹಿರಿದು. ‘ಜೈನ ಕಾಶಿ’ಯೆನಿಸಿದ ಈ ಊರಿನಲ್ಲಿ 18 ಬಸದಿಗಳಿವೆ, ಹೆಚ್ಚಿನ ಪ್ರವಾಸಿಗರು ನೋಡುವುದು ಒಂದನ್ನು. 1430ರಲ್ಲಿ ಕಟ್ಟಲಾರಂಭಿಸಿದ ಆ ಬಸದಿಯ ಕಂಬಗಳನ್ನು ಎಣಿಸಲು ಯತ್ನಿಸಿ ಸೋತು ಮರಳುತ್ತಾರೆ. ಇಳಿಜಾರು ಮಾಡು, ಗೋಡೆಯಿಂದ ದೂರ ಚಾಚಿದ ಸೂರು ಏಕೆಂದು ಯಾರೂ ಹೇಳುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಶಿಲ್ಪಿಯು ಮಳೆಗೆ ಬಗ್ಗಿ ನಡೆದುದಕ್ಕೆ ಅದು ಸಾಕ್ಷಿ. ಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಇದು. ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆಯಿದೆ. ಕೊಡಂಗಲ್ಲಿನಲ್ಲಿ ಮುನಿಗಳ ನಿಷಧಿಗಳಿವೆ. ಬಸದಿಗಳಂತೆಯೇ ಕೆರೆಗಳೂ 18 ಇದ್ದವೆಂಬ ಮಾತು ಜನಜನಿತ. ಕೆರೆಗಳನ್ನೂ ಬಸದಿಗಳನ್ನೂ ಒಂದೇ ನಡಿಗೆಯಲ್ಲಿ ತೋರಿಸಿದರೆ ಊರಿನ ಬಾವಿಗಳಿಗೆ ನೀರೆಲ್ಲಿಂದ ಬರುತ್ತದೆಂಬುದೂ ತಿಳಿದೀತು.

ಬಂಡೆಯ ಮೇಲೆ ಕೋಟೆಯಿರುವ ಇನ್ನೊಂದು ಊರು ಸ್ಕಾಟ್ಲೆಂಡಿನ ಎಡಿನ್‌ಬರೊ. 1995ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ನಗರವನ್ನು ಕಾಲ್ನಡಿಗೆಯಲ್ಲಿ ಕಾಣಿಸುವ ರೂಢಿ ಬೇರೂರಿದೆ. ಕೋಟೆಯಿಂದ ಅರಮನೆಯವರೆಗಿನ ಹಳೆಯ ಬೀದಿಯಲ್ಲಿ ಮಾರ್ಗದರ್ಶಕರು ಗುಂಪುಗಳನ್ನು ನಡೆಸಿಕೊಂಡು ಹೋಗುತ್ತಾರೆ. ತರಬೇತಿ, ಪರೀಕ್ಷೆಗಳ ಬಳಿಕ ದೊರೆಯುವ ‘ಬ್ಲೂ ಬ್ಯಾಜ್’ ಅಲ್ಲಿ ಗೌರವದ ಗುರುತು. ಕೋಟೆಯ ಬಂಡೆ ಪುರಾತನ ಜ್ವಾಲಾಮುಖಿಯ ಉಳಿಕೆಯೆಂಬುದೂ ಕಥೆಯ ಭಾಗವೇ. ಆ ನಗರವೂ ಜನದಟ್ಟಣೆಯಿಂದ ಬಳಲಿದೆ. ಆದುದರಿಂದಲೇ ತಂಗುವವರ ಕೊಠಡಿ ಬಾಡಿಗೆಯ ಮೇಲೆ ಶೇ. 5ರ ಶುಲ್ಕ ವಿಧಿಸಲು ಅಲ್ಲಿನ ನಗರಸಭೆ 2025ರ ಜನವರಿಯಲ್ಲಿ ತೀರ್ಮಾನಿಸಿತು. ಬಂದವರು ಊರಿನ ಖರ್ಚಿನಲ್ಲಿ ಪಾಲು ಹೊರಬೇಕೆಂಬುದು ಅದರ ನ್ಯಾಯ.

ಇಲ್ಲಿ ಆ ನ್ಯಾಯದ ಅಗತ್ಯ ಇನ್ನೂ ಹೆಚ್ಚು. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ಮಲವಂತಿಗೆ, ದಿಡುಪೆಗಳ ಕಡೆ ಗುಡ್ಡ ಜರಿದು, ಹೊಳೆ ಉಕ್ಕಿ, ಅಡಿಕೆ ತೋಟಗಳ ಮೇಲೆ ಮರಳು, ಮರದ ದಿಮ್ಮಿಗಳು ಬಂದು ಬಿದ್ದವು. ಅಂಥ ಇಳಿಜಾರುಗಳಿಗೆ ಇನ್ನಷ್ಟು ರಸ್ತೆ, ವಸತಿಗೃಹಗಳನ್ನು ಏರಿಸುವುದು ಅವಿವೇಕ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ನೂಕುನುಗ್ಗಲನ್ನು ಕಂಡ ಬಳಿಕ ಸರಕಾರವೂ ಸಂಖ್ಯೆಗೆ ಮಿತಿ ಬೇಕೆಂಬುದನ್ನು ಒಪ್ಪಿತು. ಮಿತಿಯ ಜೊತೆಗೆ ಮಾರ್ಗದರ್ಶಕನೂ ಇರಬೇಕು. ಗುಡ್ಡ ಜರಿದ ಗಾಯವನ್ನು ತೋರಿಸಿ, ಮೇಲಿನ ಕಾಡು ಕೆಳಗಿನ ತೋಟವನ್ನು ಹೇಗೆ ಕಾಯುತ್ತದೆಂದು ಹೇಳಬಲ್ಲವನು ಆ ತೋಟದ ಮಗನೇ.

ಪವಿತ್ರ ತಾಣಗಳು ಇದರಿಂದ ವ್ಯಾಪಾರದ ಸರಕಾಗುತ್ತವೆಂಬ ಆಕ್ಷೇಪ ಬರಬಹುದು. ವ್ಯಾಪಾರ ಈಗಾಗಲೇ ನಡೆಯುತ್ತಿದೆ. ಅದರಲ್ಲಿ ಊರಿನ ಅರಿವಿಗೆ ಬೆಲೆಯಿಲ್ಲ ಎಂಬುದೇ ಕೊರತೆ. ಪೂಜೆಯ ಹೊತ್ತು, ಉಡುಪು, ಮೌನ ಇವುಗಳ ಮರ್ಯಾದೆಯನ್ನು ಕಲಿಸುವುದೂ ಬಲ್ಲವರ ಕೆಲಸ.

ಆಗಬೇಕಾದುದು ದೊಡ್ಡದೇನಲ್ಲ. ಗಡಾಯಿಕಲ್ಲಿಗೆ ಊರಿನವರ ಜೊತೆಯಿಲ್ಲದೆ ಹತ್ತುವಂತಿಲ್ಲವೆಂಬ ನಿಯಮ, ಮೆಟ್ಟಿಲು ಜಾರುವ ಮಳೆಗಾಲದಲ್ಲಿ ಬಂಡೆಗೂ ಬಿಡುವು. ಶುಲ್ಕದ ಒಂದು ಪಾಲು ಸುತ್ತಲಿನ ಗ್ರಾಮಪಂಚಾಯತುಗಳಿಗೆ. ಮೂಡುಬಿದಿರೆಯಲ್ಲಿ ವಾಹನಗಳು ಊರ ಹೊರಗೆ, ಒಳಗೆ ನಡಿಗೆ. ಉಜಿರೆ, ಬೆಳ್ತಂಗಡಿ, ಮೂಡುಬಿದಿರೆಗಳ ಕಾಲೇಜುಗಳಲ್ಲಿ ಇತಿಹಾಸವನ್ನೂ ಸಸ್ಯಶಾಸ್ತ್ರವನ್ನೂ ಓದುವ ವಿದ್ಯಾರ್ಥಿಗಳಿಗೆ ಜೊತೆಯಾಗಿ ಒಂದು ಸಣ್ಣ ತರಬೇತಿ. ಪಾಠ ಹೇಳುವವರಲ್ಲಿ ಪ್ರಾಧ್ಯಾಪಕರಷ್ಟೇ ಅಲ್ಲದೆ ಕಾಡುತ್ಪತ್ತಿ ಸಂಗ್ರಹಿಸುವ ಮಲೆಕುಡಿಯ ಹಿರಿಯರೂ ಇರಲಿ.

ಓದು ಮುಗಿದೊಡನೆ ಬೆಂಗಳೂರಿನ ಬಸ್ಸು ಹತ್ತುವ ಹುಡುಗ ಹುಡುಗಿಯರಿಗೆ ತಮ್ಮ ಊರಿನ ಬಂಡೆ, ಬಸದಿ, ಹೊಳೆಗಳ ಬಗ್ಗೆ ಹತ್ತು ಮಾತು ಹೇಳಲು ಬರುವುದೇ? ಬಾರದಿದ್ದರೆ ತಪ್ಪು ಪ್ರವಾಸಿಗನದಷ್ಟೇ ಅಲ್ಲ. ಮೊದಲ ನಡಿಗೆ ಊರಿನ ಮಕ್ಕಳಿಗಾಗಿಯೇ ಹೊರಡಲಿ.