ಕಿವಿಯೋ, ಅಂಕಿಯೋ?

ನಮ್ಮ ವಾಚಕರಲ್ಲೊಬ್ಬರು ಕಳೆದ ತಿಂಗಳು ನಮಗೊಂದು ಕಾಗದ ಬರೆದಿದ್ದಾರೆ. ಅವರು ಉದ್ಯೋಗದಿಂದ ನಿವೃತ್ತರಾದವರು. ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಸಂಗೀತ ಕೇಳುವುದಕ್ಕೆ ಒಳ್ಳೆಯ ಯಂತ್ರವೊಂದನ್ನು ಕೊಳ್ಳಬೇಕೆಂಬುದು ಅವರ ಬಹುದಿನದ ಆಸೆ. ಹಿರಿಯ ಮಗನು ಎಂಜಿನಿಯರು. “ಅಳತೆಯ ಅಂಕಿಗಳನ್ನು ನೋಡಿ ಕೊಂಡರೆ ಸಾಕು, ಮಿಕ್ಕದ್ದೆಲ್ಲ ಭ್ರಮೆ” ಎನ್ನುತ್ತಾನೆ. ಕಿರಿಯವನು ಪಿಟೀಲು ಬಲ್ಲವನು. “ಸಂಗೀತಕ್ಕೆ ಕಿವಿಯೇ ಪ್ರಮಾಣ, ಅಂಕಿಗಳು ಹಾಡುವುದಿಲ್ಲ” ಎನ್ನುತ್ತಾನೆ. ವಾದವು ಬೆಳೆದು, ಅಣ್ಣತಮ್ಮಂದಿರು ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳುವುದೂ ತಪ್ಪಿದೆಯಂತೆ. “ಯಾರ ಮಾತನ್ನು ಕೇಳಲಿ?” ಎಂದು ತಂದೆಯ ಪ್ರಶ್ನೆ.

ಇದು ಒಂದು ಮನೆಯ ಜಗಳವಲ್ಲ. ಧ್ವನಿಯಂತ್ರಗಳು ಹುಟ್ಟಿದಂದಿನಿಂದಲೂ ನಡೆದು ಬಂದಿರುವ ಜಗಳ. ಇಬ್ಬರ ಪಕ್ಷದಲ್ಲಿಯೂ ಸತ್ಯಾಂಶವುಂಟು. ಎರಡನ್ನೂ ವಿಚಾರಮಾಡಿ ನೋಡೋಣ.

ಮೊದಲು ಕಿರಿಯವನ ಪಕ್ಷ. 1960ರ ದಶಕದಲ್ಲಿ ಗಾಜಿನ ವಾಲ್ವುಗಳಿಗೆ ಬದಲಾಗಿ ಟ್ರಾನ್ಸಿಸ್ಟರುಗಳನ್ನು ಅಳವಡಿಸಿದ ಆಂಪ್ಲಿಫೈಯರುಗಳು ಪೇಟೆಗೆ ಬಂದವು. ಧ್ವನಿಯ ವಿಕೃತಿ ಬಹು ಸ್ವಲ್ಪವೆಂದು ಅವುಗಳ ಅಂಕಿಗಳು ಹೇಳುತ್ತಿದ್ದವು. ಆದರೂ ಅವುಗಳಲ್ಲಿ ಹಲವನ್ನು ಕೇಳಿದವರು, ಧ್ವನಿ ಒರಟಾಗಿದೆ, ಕೇಳುತ್ತ ಕೇಳುತ್ತ ಆಯಾಸವಾಗುತ್ತದೆ ಎಂದು ದೂರಿದರು. ದೂರು ನಿಜವಾಗಿತ್ತು. ಆ ಯಂತ್ರಗಳಲ್ಲಿ ಧ್ವನಿಯ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನ ಅರ್ಧವನ್ನು ಇನ್ನೊಂದೂ ಹೊರುತ್ತವೆ. ಒಂದು ಬಿಟ್ಟು ಮತ್ತೊಂದು ಹಿಡಿಯುವ ಸಂಧಿಯಲ್ಲಿ ಸಣ್ಣದೊಂದು ಕಚ್ಚು ಬೀಳುತ್ತಿತ್ತು. ಯಂತ್ರವನ್ನು ಪೂರ್ಣಶಕ್ತಿಯಲ್ಲಿ ನಡೆಸಿ ಅಳೆದಾಗ ಈ ಕಚ್ಚು ಲೆಕ್ಕಕ್ಕೇ ಬರುವಂತಿರಲಿಲ್ಲ. ಮನೆಯಲ್ಲಿ ಮೆಲ್ಲಗೆ ಕೇಳುವಾಗ ಅದೇ ದೊಡ್ಡದಾಗುತ್ತಿತ್ತು. ಅಲ್ಲದೆ ಎಲ್ಲ ವಿಕೃತಿಯೂ ಕಿವಿಗೆ ಒಂದೇ ಸಮನಲ್ಲ. ಮೂಲಸ್ವರದ ಎರಡರಷ್ಟು ಎತ್ತರದಲ್ಲಿ ಹುಟ್ಟುವ ಕಲಬೆರಕೆ ಸ್ವರವು ಅದರೊಡನೆ ಬೆರೆತು ಅಡಗುತ್ತದೆ. ಏಳರಷ್ಟು, ಒಂಬತ್ತರಷ್ಟು ಎತ್ತರದಲ್ಲಿ ಹುಟ್ಟುವುದು ಮುಳ್ಳಿನಂತೆ ಚುಚ್ಚುತ್ತದೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ, ಎತ್ತರದವುಗಳಿಗೆ ಹೆಚ್ಚು ತೂಕ ಕೊಡಬೇಕೆಂದು ಬಿ.ಬಿ.ಸಿ.ಯ ಎಂಜಿನಿಯರಾದ ಶಾರ್ಟರ್ ಎಂಬವರು 1950ರಲ್ಲಿಯೇ ಬರೆದಿದ್ದರು. ಅಂಕಿ ಸುಳ್ಳಾಡಿರಲಿಲ್ಲ, ಕೇಳಬೇಕಾದ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿರಲಿಲ್ಲ, ಅಷ್ಟೆ.

ಹಾಗಾದರೆ ಕಿವಿಯನ್ನೇ ನಂಬಿಬಿಡೋಣವೆ? ಅಮೆರಿಕದ ಎಡಿಸನ್ನನ ಸಂಸ್ಥೆಯವರು 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಊರೂರಿನಲ್ಲಿ ಒಂದು ಪ್ರದರ್ಶನ ನಡೆಸಿದರು. ವೇದಿಕೆಯ ಮೇಲೆ ಗ್ರಾಮಫೋನು. ಪಕ್ಕದಲ್ಲಿ ಅದೇ ತಟ್ಟೆಗೆ ಹಾಡಿದ ಗಾಯಕಿ. ಆಕೆ ಯಂತ್ರದೊಡನೆ ಹಾಡುತ್ತಿರುವಾಗ ದೀಪವಾರುವುದು. ಮತ್ತೆ ಹೊತ್ತಿದಾಗ ವೇದಿಕೆಯಲ್ಲಿ ಯಂತ್ರವೊಂದೇ ಇರುವುದು! ಗಾಯಕಿ ಹೋದದ್ದು ಸಭಿಕರಿಗೆ ತಿಳಿಯುತ್ತಿರಲಿಲ್ಲ. ವಿದ್ಯುತ್ತಿನ ಸಹಾಯವಿಲ್ಲದೆ, ತುತ್ತೂರಿಯೊಳಕ್ಕೆ ಹಾಡಿಸಿ ಮುದ್ರಿಸಿದ ಆ ತಟ್ಟೆಗಳನ್ನು ಇಂದು ಕೇಳಿದರೆ, ಇದನ್ನು ಮನುಷ್ಯಕಂಠವೆಂದು ಹೇಗೆ ನಂಬಿದರೋ ಎನ್ನಿಸುತ್ತದೆ. ಆ ಪ್ರದರ್ಶನಗಳಲ್ಲಿ ಹಾಡಿದ ಅನ್ನಾ ಕೇಸ್ ಎಂಬಾಕೆ, ತಾನು ಯಂತ್ರಕ್ಕೆ ಹೊಂದುವಂತೆ ಕಂಠವನ್ನು ತಗ್ಗಿಸಿ ಹಾಡುತ್ತಿದ್ದುದಾಗಿ ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡಳು. ಪರೀಕ್ಷೆ ನಡೆಸುವವನ ಕೈಯಲ್ಲಿ ಸಿಕ್ಕಿದರೆ ಕಿವಿಯೂ ಮೋಸಹೋಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಮೂರನೆಯ ಕಥೆ, ತೀರ್ಪು ಇದರಲ್ಲಿದೆ. ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಕೆನಡಾ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯಲ್ಲಿ ಬಹುವರ್ಷ ಈ ವಿಷಯವನ್ನೇ ಶೋಧಿಸಿ, ಮುಂದೆ ಷಾನ್ ಆಲಿವ್ ಎಂಬವರೊಡನೆ 1994ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅದೇ ಜನರಿಗೆ ಅವೇ ಸ್ಪೀಕರುಗಳನ್ನು ಒಮ್ಮೆ ಕಣ್ಣಿಗೆ ಕಾಣುವಂತೆಯೂ ಒಮ್ಮೆ ಪರದೆಯ ಹಿಂದಿಟ್ಟೂ ಕೇಳಿಸಿದರು. ಕಂಡಾಗ ದೊಡ್ಡವೂ ಬೆಲೆಯುಳ್ಳವೂ ಹೆಚ್ಚು ಗುಣ ಗಳಿಸಿದವು. ಸಣ್ಣ, ಅಗ್ಗದ ಸ್ಪೀಕರಿಗೆ ಗುಣ ಇಳಿಯಿತು. ಪರದೆ ಬಿದ್ದೊಡನೆ ಆ ಅಂತರ ಕುಗ್ಗಿತು. ಟೂಲ್ ಅವರ ಶೋಧನೆಯಲ್ಲಿ ಹೊರಟ ಇನ್ನೊಂದು ಅಂಶವು ಮತ್ತೂ ಸ್ವಾರಸ್ಯವಾದುದು: ಕಣ್ಣಿಗೆ ಕಾಣದಂತೆ ಕೇಳಿದಾಗ ಜನರ ಅಭಿರುಚಿ ಬಹುಮಟ್ಟಿಗೆ ಒಂದೇ. ಮಂದ್ರದಿಂದ ತಾರದವರೆಗೆ ಏರುಪೇರಿಲ್ಲದೆ ಸಮನಾಗಿ ನುಡಿಯುವ ಸ್ಪೀಕರನ್ನೇ ಹೆಚ್ಚು ಜನ ಮೆಚ್ಚುತ್ತಾರೆ. ಇದು ಅಳತೆಗೆ ಸಿಕ್ಕುವ ಗುಣ!

ಆದಕಾರಣ ಜಗಳವಿರುವುದು ಕಿವಿಗೂ ಅಂಕಿಗೂ ಅಲ್ಲ; ಕಿವಿಗೂ ಕಣ್ಣಿಗೂ. ಬೆಲೆ, ಹೆಸರು, ಹೊಳಪು ಇವನ್ನು ಕಂಡ ಕಣ್ಣು, ಕಿವಿಯ ಬಾಯಲ್ಲಿ ತನ್ನ ಮಾತನ್ನಾಡಿಸುತ್ತದೆ. ಕಣ್ಣು ಮುಚ್ಚಿ ಕೇಳಿದ ಕಿವಿಯ ತೀರ್ಪೂ, ಆ ತೀರ್ಪಿಗೆ ಹೊಂದುವ ಅಂಕಿಯೂ ಎರಡೂ ನಂಬಲರ್ಹವಾದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ಮನೆಯಲ್ಲಿ ಪ್ರಮಾಣಿಸುವ ಕ್ರಮ ಕಷ್ಟವೇನಲ್ಲ. ಎರಡು ಯಂತ್ರಗಳನ್ನು ತೆಳುವಾದ ಬಟ್ಟೆಯ ಮರೆಯಲ್ಲಿಡಿ. ಚೆನ್ನಾಗಿ ಪರಿಚಯವಿರುವ ಒಂದೇ ಹಾಡನ್ನು ಎರಡರಲ್ಲಿಯೂ ನುಡಿಸಿ. ಧ್ವನಿಯ ಮಟ್ಟ ಸಮನಾಗಿರಲಿ. ಸ್ವಲ್ಪವೇ ಜೋರಾಗಿ ನುಡಿದದ್ದು ಗುಣದಲ್ಲಿಯೂ ಮೇಲೆಂದು ತೋರುವುದು ಕಿವಿಯ ಸ್ವಭಾವ. ಕೈಯಲ್ಲಿರುವ ಮೊಬೈಲಿನಿಂದಲೇ ಮಟ್ಟವನ್ನು ಸುಮಾರಾಗಿ ಅಳೆಯಬಹುದು. ಮರೆಯಲ್ಲಿರುವವರು ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಒಂದನ್ನು ನುಡಿಸಲಿ, ಮಾತನಾಡಕೂಡದು. ಹೀಗೆ ಹತ್ತು ಸಲ. ಐದು ಸಲ ಸರಿಯಾಗಿ ಗುರುತಿಸಿದರೆ ಅದು ನಾಣ್ಯದ ಜಾಣತನ. ಒಂಬತ್ತು ಅಥವಾ ಹತ್ತು ಸಲ ಗುರುತಿಸಿದರೆ, ಕೇವಲ ಊಹೆಯಿಂದ ಹಾಗಾಗುವುದು ನೂರರಲ್ಲಿ ಸುಮಾರು ಒಂದು ಸಲವಾದುದರಿಂದ, ಭೇದವುಂಟೆಂದು ನಂಬಬಹುದು. ಭೇದ ತಿಳಿಯದಿದ್ದರೆ ಅಗ್ಗದ್ದನ್ನು ಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ.

ಕಾಗದ ಬರೆದ ಮಹನೀಯರಿಗೆ ನಮ್ಮ ಸಲಹೆ ಇಷ್ಟು. ಹಿರಿಯ ಮಗನು ಅಂಕಿಗಳನ್ನು ನೋಡಿ, ಕೈಗೆಟುಕುವ ಬೆಲೆಯಲ್ಲಿ ಎರಡು ಮೂರು ಯಂತ್ರಗಳನ್ನು ಆರಿಸಲಿ. ಹಣದ ದೊಡ್ಡ ಪಾಲು ಸ್ಪೀಕರಿಗೇ ಹೋಗಲಿ, ಏಕೆಂದರೆ ಧ್ವನಿಯಲ್ಲಿ ಭೇದ ಹೆಚ್ಚಾಗಿ ಕಾಣುವುದು ಅಲ್ಲಿಯೇ. ತಂತಿಗೆ ಸಾಧಾರಣ ತಾಮ್ರ ಸಾಕು. ಕಿರಿಯವನು ಪರದೆಯ ಮುಂದೆ ಕುಳಿತು ಕೇಳಲಿ. ವಯಸ್ಸಾದಂತೆ ತಾರಸ್ವರಗಳು ಕಿವಿಗೆ ದೂರವಾಗುತ್ತವಾದ್ದರಿಂದ ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಆದರೆ ಕೊನೆಯ ಮಾತು ತಮ್ಮದು. ಹಣವೂ ತಮ್ಮದು, ಇನ್ನು ಮುಂದಿನ ಸಂಜೆಗಳಲ್ಲಿ ಕೇಳುವವರೂ ತಾವು. ಯಂತ್ರವನ್ನು ಆರಿಸಿದ ಮೇಲೆ ಪರದೆಯನ್ನು ತೆಗೆದಿಟ್ಟು, ಯಂತ್ರವನ್ನು ಮರೆತು ಹಾಡನ್ನು ಕೇಳಿರಿ. ಅಂದಿನ ರಾತ್ರಿ ಮಕ್ಕಳಿಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೆಂಬ ಕಾಗದವನ್ನು ನಾವು ಎದುರುನೋಡುತ್ತಿದ್ದೇವೆ.